ಹತ್ತು ದಿನದ ಚೀಟಿ

ಹುಳು ಮನೆಯ ಜಗುಲಿಯಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಶ್ಯಾಮಲಳ ಕೈ ಸುಮ್ಮನೆ ನಿಂತುಬಿಟ್ಟಿತ್ತು. ಗೊಬ್ಬರದ ಅಂಗಡಿಯವರು ಕೊಟ್ಟಿದ್ದ ಎಂಬತ್ತಮೂರನೇ ಇಸವಿಯ ಡೈರಿಯನ್ನು ಸೊಪ್ಪಿನ ಬುಟ್ಟಿಯ ಮರೆಯಲ್ಲಿ ತೊಡೆಯ ಮೇಲಿಟ್ಟುಕೊಂಡು, ಬೆಳಿಗ್ಗೆ ಬರೆದ ಸಾಲನ್ನು ಇನ್ನೊಮ್ಮೆ ಓದಿದಳು. 'ನಾನು ಓದಿದ್ದೆ. ಓದಿಯೂ ಸುಮ್ಮನಿದ್ದೆ.' ಓದಿದ್ದು ಏನನ್ನು ಎಂದು ಬರೆಯುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ.

ಓದಿದ್ದು ಒಂದು ಔಷಧಿ ಚೀಟಿಯನ್ನು.

ಬೈರಕೂರಿನ ಸುತ್ತಮುತ್ತ ಅವಳ ತಾಯಿ ಮುನಿಶಾಮಮ್ಮನಷ್ಟು ಚೆನ್ನಾಗಿ ರೇಷ್ಮೆ ಹುಳು ಸಾಕುವವರು ಇರಲಿಲ್ಲ. ಕತ್ತಲಲ್ಲಿ ನಿಂತು ಹುಳುಗಳು ಸೊಪ್ಪು ಮೇಯುವ ಸದ್ದು ಕೇಳಿಯೇ ಯಾವ ತಟ್ಟೆಗೆ ಹಸಿವು, ಯಾವ ತಟ್ಟೆಗೆ ಸಾಕಾಗಿದೆ ಎಂದು ಹೇಳಬಲ್ಲ ಹೆಂಗಸು. ಅಂಥವಳಿಗೆ ಎರಡು ವರ್ಷದಿಂದ ಹುಳು ಮನೆಗೆ ಕಾಲಿಟ್ಟರೆ ದಮ್ಮು ಹಿಡಿಯುತ್ತಿತ್ತು. ಹೋದ ವರ್ಷ ಕೋಲಾರದ ಡಾಕ್ಟರೊಬ್ಬರು ಪುಟ್ಟ ಬಿಳಿ ಮಾತ್ರೆ ಬರೆದುಕೊಟ್ಟರು. ಮೂರೇ ದಿನಕ್ಕೆ ಉಬ್ಬಸ ಇಳಿಯಿತು. ಮಾತ್ರೆ ಮುಗಿದಾಗ ಮುನಿಶಾಮಮ್ಮ ಅದೇ ಚೀಟಿಯನ್ನು ಮಗಳ ಕೈಗೆ ಕೊಟ್ಟು, "ಇನ್ನೊಂದಷ್ಟು ತಂದ್ಬಿಡೇ" ಎಂದು ಮುಳಬಾಗಿಲಿಗೆ ಕಳಿಸಿದಳು.

ಬಸ್ಸಿನಲ್ಲಿ ಕೂತು ಶ್ಯಾಮಲ ಚೀಟಿ ಓದಿದ್ದಳು. ಮಾತ್ರೆಯ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಹತ್ತು ದಿನ ಮಾತ್ರ, ಆಮೇಲೆ ಬಂದು ತೋರಿಸಬೇಕು ಎಂದು ಬರೆದಿತ್ತು. ಮನೆಯಲ್ಲಿ ಅದನ್ನು ಓದಬಲ್ಲವಳು ಬಿ.ಎ. ಮುಗಿಸಿದ್ದ ಅವಳೊಬ್ಬಳೇ. ಆದರೆ ಅಮ್ಮ ಎಷ್ಟೋ ತಿಂಗಳ ಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ ನಿದ್ದೆ ಮಾಡುತ್ತಿದ್ದಳು. ಆ ನಿದ್ದೆಯನ್ನು ಕಿತ್ತುಕೊಳ್ಳುವ ಮಾತು ಅವಳ ಬಾಯಿಗೆ ಬರಲಿಲ್ಲ. ಹತ್ತು ದಿನ ಹನ್ನೊಂದು ತಿಂಗಳಾಯಿತು. ಮಡಿಚಿ ಮಡಿಚಿ ಹರಿದ ಚೀಟಿಗೆ ಹಿಂದಿನಿಂದ ಕಾಗದ ಅಂಟಿಸಿದವಳೂ ಅವಳೇ.

ಈಗ ಅಮ್ಮನ ಮುಖ ದುಂಡಗೆ ಊದಿಕೊಂಡಿತ್ತು. ಕಾಲಿನ ಹೆಬ್ಬೆರಳಿನ ಹುಣ್ಣು ತಿಂಗಳಾದರೂ ಮಾಯ್ದಿರಲಿಲ್ಲ. ಹೋದ ವಾರ ಅಪ್ಪ ಕದಿರಪ್ಪ ಅವಳನ್ನು ಮುಳಬಾಗಿಲಿನ ಡಾಕ್ಟರ್ ಕೃಷ್ಣಮೂರ್ತಿಯವರ ಬಳಿಗೆ ಕರೆದೊಯ್ದಿದ್ದ. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ ಹದಿನೇಳು ಸಾವಿರ, ಸಕ್ಕರೆಯೂ ಹೆಚ್ಚು ಎಂದು ಬಂತು. ಬೇರೆ ಮಾತ್ರೆ ಏನಾದರೂ ನುಂಗುತ್ತೀರಾ ಎಂದು ಡಾಕ್ಟರು ಕೇಳಿದರೆ ಮುನಿಶಾಮಮ್ಮ ಇಲ್ಲವೆಂದಿದ್ದಳು. ಅವಳು ಇನ್ನೂ ಅದನ್ನು ನುಂಗುತ್ತಿರುವುದು ಕದಿರಪ್ಪನಿಗೂ ಗೊತ್ತಿರಲಿಲ್ಲ. ಮಾತ್ರೆ ನುಂಗುತ್ತೇನೆ ಎಂದರೆ ದಮ್ಮಿದೆ ಎಂದೂ ಹೇಳಬೇಕಾಗುತ್ತಿತ್ತು. ದಮ್ಮಿನ ಮನೆ ಎಂದು ಹೆಸರಾದರೆ ಶ್ರೀನಿವಾಸಪುರದಿಂದ ಮಗಳನ್ನು ಕೇಳಿಕೊಂಡು ಬಂದವರು ಹಿಂದೆ ಸರಿಯುತ್ತಾರೆ. ಗುರುವಾರ ಇನ್ನೊಮ್ಮೆ ರಕ್ತ ನೋಡೋಣ ಎಂದು ಡಾಕ್ಟರು ಕಳಿಸಿಕೊಟ್ಟಿದ್ದರು.

ಸುದ್ದಿ ಕೇಳಿ ಪಕ್ಕದ ಮನೆಯ ಅಂಜಮ್ಮ ಓಡಿ ಬಂದಿದ್ದಳು. "ಬಿಳೀ ರಕ್ತ ಜಾಸ್ತಿ ಆದ್ರೆ ಅದು ಕೆಟ್ಟ ಕಾಯ್ಲೆ ಅಂತಾರಕ್ಕಾ. ನಮ್ಮ ತಮ್ಮನ ಅತ್ತೆಗೆ ಹಿಂಗೇ ಶುರುವಾಗಿ ಆರು ತಿಂಗ್ಳೂ ಉಳೀಲಿಲ್ಲ. ದೇವುಡಾ, ನಿನಗ್ಯಾಕೆ ಬಂತೋ."

"ಸಮಾಧಾನ ಹೇಳಾಕೆ ಬಂದ್ಯಾ, ಸೂತಕ ಕಳ್ಯಾಕೆ ಬಂದ್ಯಾ?" ಎಂದು ಮುನಿಶಾಮಮ್ಮ ನಕ್ಕಿದ್ದಳು. ಅಂಜಮ್ಮ ಹೋದ ಮೇಲೆ ಮಾತ್ರ ಬಹಳ ಹೊತ್ತು ಗೋಡೆ ನೋಡುತ್ತ ಕೂತಳು. ಕೊನೆಗೆ ಮಗಳನ್ನು ಕರೆದು, "ಆ ಮಾತ್ರೆ ಇವತ್ತಿಂದ ಬೇಡ ಕಣೇ. ಹೊಸ ಮರಿಹುಳ ತರೋ ಮುಂಚೆ ಹುಳು ಮನೇನ ತೊಳ್ದು ಸುಣ್ಣ ಹೊಡ್ಯಲ್ವಾ? ಹಂಗೇ ಗುರುವಾರದೊಳಗೆ ಮೈಯೊಳಗೂ ತೊಳ್ದಿಟ್ಕೋತೀನಿ. ರಕ್ತ ಶುದ್ಧವಾಗಿ ಬರ್ಲಿ" ಎಂದಳು. ಅಂದು ಭಾನುವಾರ. ಮಾತ್ರೆ ನಿಂತಿತು, ಬೆಳಿಗ್ಗೆ ಸಂಜೆ ಬೇವಿನ ಸೊಪ್ಪಿನ ರಸ ಶುರುವಾಯಿತು.

ಇಂದು ಬುಧವಾರ. ಜಗುಲಿಯಲ್ಲಿ ಡೈರಿ ಮುಚ್ಚುವಷ್ಟರಲ್ಲಿ ಒಳಗೆ ಬಿದಿರಿನ ತಟ್ಟೆಯೊಂದು ದಡ್ಡನೆ ಬಿದ್ದ ಸದ್ದು ಕೇಳಿಸಿತು. ಅಮ್ಮ ಎಂದೂ ತಟ್ಟೆ ಬೀಳಿಸಿದವಳಲ್ಲ. ಶ್ಯಾಮಲ ಓಡಿಹೋಗಿ ನೋಡಿದರೆ, ಮುನಿಶಾಮಮ್ಮ ನೆಲದ ಮೇಲೆ ಕೂತು ಚೆಲ್ಲಿದ ಹುಳುಗಳನ್ನು ಒಂದೊಂದಾಗಿ ಆರಿಸಿಕೊಳ್ಳುತ್ತಿದ್ದಳು. ಮೈಯೆಲ್ಲ ಬೆವರು. "ಏನಿಲ್ಲ ಕಣೇ, ತಲೆ ತಿರುಗ್ತು. ಕಾಲಿಟ್ಟು ತುಳ್ದೀಯಾ, ನೋಡ್ಕೊಂಡು ಬಾ" ಎಂದವಳು ಹಾಗೇ ಪಕ್ಕಕ್ಕೆ ಒರಗಿದಳು.

ಮಾವಿನಕಾಯಿ ತುಂಬಿಕೊಂಡು ಹೊರಟಿದ್ದ ಲಾರಿಯನ್ನು ಕದಿರಪ್ಪ ಅಡ್ಡಗಟ್ಟಿ ನಿಲ್ಲಿಸಿದ. ಮುಳಬಾಗಿಲು ಮುಟ್ಟುವಷ್ಟರಲ್ಲಿ ಅವಳಿಗೆ ಎರಡು ಸಲ ವಾಂತಿಯಾಗಿತ್ತು.

ಕೃಷ್ಣಮೂರ್ತಿಯವರು ರಕ್ತದೊತ್ತಡ ನೋಡಿ ಹುಬ್ಬು ಗಂಟಿಕ್ಕಿದರು. "ಇಷ್ಟು ಇಳಿದಿದೆಯಲ್ಲಾ. ನಿಜ ಹೇಳಿಯಮ್ಮಾ, ಬೇರೆ ಮಾತ್ರೆ ಏನಾದ್ರೂ ತಗೊಳ್ತಿದ್ರಾ?"

"ಇಲ್ಲ ಸ್ವಾಮಿ." ಆ ಸ್ಥಿತಿಯಲ್ಲೂ ಅವಳ ಕಣ್ಣು ಮಗಳ ಕಡೆಗೆ ಹೋಗಿ ಬಂತು.

"ಹಾಗಾದ್ರೆ ನನಗೂ ತಿಳೀತಾ ಇಲ್ಲ ಕದಿರಪ್ಪನೋರೇ. ಬೆಂಗಳೂರಿಗೆ ಬರೆದುಕೊಡ್ತೀನಿ. ದಾರೀಲಿ ಏನಾಗುತ್ತೋ ಅನ್ನೋದೇ ನನ್ನ ಭಯ."

ಶ್ಯಾಮಲ ಒಂದು ಹೆಜ್ಜೆ ಮುಂದೆ ಬಂದಳು. ಮಾತು ಹೊರಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ಅವಳ ದನಿ ಮುಂದಿನ ಬೆಂಚು ದಾಟುತ್ತಿರಲಿಲ್ಲ. ಚೀಲದಿಂದ ಡೈರಿ ತೆಗೆದು, ಗೋಡೆಗೆ ಆನಿಸಿಕೊಂಡು ನಾಲ್ಕು ಸಾಲು ಬರೆದಳು. ಹಾಳೆ ಹರಿದು, ಡೈರಿಯಲ್ಲೇ ಇದ್ದ ತೇಪೆಯ ಚೀಟಿಯ ಸಮೇತ ಡಾಕ್ಟರ ಮೇಜಿನ ಮೇಲಿಟ್ಟಳು. ಹನ್ನೊಂದು ತಿಂಗಳು ನುಂಗಿದ್ದು, ಭಾನುವಾರ ನಿಲ್ಲಿಸಿದ್ದು, ತಂದುಕೊಟ್ಟವಳು ತಾನೆಂಬುದು, ಎಲ್ಲವೂ ಅದರಲ್ಲಿತ್ತು.

ಡಾಕ್ಟರು ಓದಿ ಒಮ್ಮೆ ಅವಳನ್ನು ನೋಡಿದರು. ಎದ್ದುಹೋಗಿ ತಾವೇ ಸೂಜಿಮದ್ದು ತುಂಬಿಕೊಂಡು ಬಂದರು, ಗ್ಲೂಕೋಸು ನೀರು ಹಾಕಿಸಿದರು. ಮಧ್ಯಾಹ್ನದ ಊಟವನ್ನೂ ಬಿಟ್ಟು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ನಾಡಿ ಹಿಡಿದು ಕೂತರು. ಬಿಸಿಲು ಬಾಗಿಲಿನಿಂದ ಹಿಂದೆ ಸರಿಯುವ ಹೊತ್ತಿಗೆ ಮುನಿಶಾಮಮ್ಮ ಕಣ್ಣು ಬಿಟ್ಟು, "ನಾಕನೇ ಹೊತ್ತಿನ ಸೊಪ್ಪು ಹಾಕಿದ್ರಾ?" ಎಂದು ಕೇಳಿದಳು. ಕದಿರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ಮಾತ್ರೆ ವಿಷಯ ಗೊತ್ತಾಯ್ತಮ್ಮಾ" ಎಂದರು ಡಾಕ್ಟರು. "ಹೇಗೆ ಅಂತ ಕೇಳ್ಬೇಡಿ. ನಿಮ್ಮ ರಕ್ತದ ಲೆಕ್ಕ ಯಾಕೆ ಹಾಗೆ ಬಂತು ಹೇಳ್ತೀನಿ ಕೇಳಿ. ಬಿಳಿ ಕಣ ಅಂದ್ರೆ ಊರ ಕಾವಲುಗಾರರು ಇದ್ದಂಗೆ. ಅರ್ಧ ಜನ ಬೀದೀಲಿ ಓಡಾಡ್ತಿದ್ರೆ ಅರ್ಧ ಜನ ಗೋಡೆಗೆ ಒರಗಿ ಕೂತಿರ್ತಾರೆ. ಈ ಮಾತ್ರೆ ಕೂತವರನ್ನೂ ಎಬ್ಬಿಸಿ ಬೀದಿಗೆ ತರುತ್ತೆ. ಎಣಿಸೋರಿಗೆ ಊರಲ್ಲಿ ಜನ ಜಾಸ್ತಿ ಆದಂಗೆ ಕಾಣುತ್ತೆ. ಸಕ್ಕರೆ ಏರೋದಕ್ಕೂ ಇದೇ ಮಾತ್ರೆ ಕಾರಣ ಇರಬಹುದು."

"ಹಂಗಾರೆ ಅಂಜಮ್ಮ ಹೇಳಿದ ಕೆಟ್ಟ ಕಾಯ್ಲೆ?"

"ರಕ್ತ ಲೇಪಿಸಿದ ಗಾಜನ್ನ ಮೈಕ್ರೋಸ್ಕೋಪಲ್ಲಿ ನಾನೇ ನೋಡಿದೆ. ಆ ಥರದ ಕೆಟ್ಟ ಕಣ ಒಂದೂ ಕಾಣ್ಲಿಲ್ಲ. ಆದ್ರೆ ಎಲ್ಲಾ ಮಾತ್ರೆದೇ ಅಂತ ಹೇಳಿ ನಾನು ಸುಮ್ಮನಾಗಲ್ಲ. ಕಾಲಿನ ಹುಣ್ಣಲ್ಲಿ ಕೀವು ಇದೆ, ಅದರಿಂದಲೂ ಏರುತ್ತೆ. ಅದಕ್ಕೆ ಬೇರೆ ಔಷಧಿ ಕೊಡ್ತೀನಿ, ಮತ್ತೆ ಮತ್ತೆ ಪರೀಕ್ಷೆ ಮಾಡ್ತೀನಿ."

"ಮಾತ್ರೆ ಬಿಟ್ಟಿದ್ದು ಒಳ್ಳೇದೇ ಆಯ್ತಲ್ಲ ಸ್ವಾಮಿ?"

"ಅದೇ ನಿಮ್ಮನ್ನ ಬೀಳಿಸಿದ್ದು. ಈ ಮಾತ್ರೇಲಿರೋ ಸತ್ವಾನ ನಮ್ಮ ಮೈಯೇ ತಯಾರು ಮಾಡುತ್ತೆ. ಹೊರಗಿನಿಂದ ತಿಂಗಳುಗಟ್ಟಲೆ ಬಂದ್ರೆ ಒಳಗಿನದು ಕೆಲಸ ಬಿಟ್ಟು ಮಲಗಿಬಿಡುತ್ತೆ. ಒಂದೇ ಏಟಿಗೆ ಹೊರಗಿನದನ್ನೂ ನಿಲ್ಲಿಸಿದ್ರೆ?"

ಮುನಿಶಾಮಮ್ಮ ಡಾಕ್ಟರ ಕಡೆಗೆ ಹೊರಳಿದಳು. "ಜ್ವರಕ್ಕೆ ಕೂತ ಹುಳಾ ಇದ್ದಂಗೆ. ಪೊರೆ ಬಿಡೋವಾಗ ಅದು ಮಲಗಿರ್ತದೆ ಸ್ವಾಮಿ, ನಾವು ಎಬ್ಬಿಸಂಗಿಲ್ಲ. ತಾನಾಗೇ ತಲೆ ಎತ್ತೋವರೆಗೂ ಕಾಯ್ಬೇಕು."

ಡಾಕ್ಟರು ಅವಳನ್ನೇ ನೋಡುತ್ತ ತಲೆದೂಗಿದರು. "ನನಗೆ ಪಾಠ ಹೇಳಿದೋರು ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲಮ್ಮಾ. ಮಾತ್ರೇನ ಸ್ವಲ್ಪ ಸ್ವಲ್ಪವಾಗಿ ಇಳಿಸೋಣ. ಎಷ್ಟು, ಯಾವತ್ತು ಅಂತ ನಾನು ಹೇಳ್ತೀನಿ, ಕಾಯೋದು ನಿಮ್ಮ ಕೆಲಸ. ದಮ್ಮಿಗೂ ಬೇರೆ ದಾರಿ ನೋಡೋಣ."

ಹೊರಡುವಾಗ ಡೈರಿಯ ಹಾಳೆಯನ್ನೂ ಹಳೆಯ ಚೀಟಿಯನ್ನೂ ಶ್ಯಾಮಲಳ ಕೈಗೆ ವಾಪಸು ಕೊಟ್ಟು, "ನನಗೆ ಹೇಳಿದ್ದಾಯ್ತು. ಇನ್ನೊಬ್ಬರಿಗೆ ಹೇಳೋದು ಉಳಿದಿದೆ ಅಲ್ವಾ?" ಎಂದು ಮೆಲ್ಲಗೆ ಕೇಳಿದರು.

ಎರಡು ತಿಂಗಳಲ್ಲಿ ಹುಣ್ಣು ಮಾಯಿತು. ಸಕ್ಕರೆ ಇಳಿಯಿತು, ಬಿಳಿ ಕಣದ ಲೆಕ್ಕವೂ ತಗ್ಗಿತು. ಮಾತ್ರೆ ಕಾಲು ಭಾಗಕ್ಕೆ ಬಂದಿತ್ತು. ಮುನಿಶಾಮಮ್ಮ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹುಳು ಮನೆಯ ಬಾಗಿಲಲ್ಲಿ ಕೂತು, ಒಳಗಿನ ಕೆಲಸವನ್ನು ಮಗಳ ಕೈಯಲ್ಲಿ ಮಾಡಿಸುತ್ತಿದ್ದಳು. ಒಂದು ದಿನವೂ ಗೊಣಗಲಿಲ್ಲ. ಡಾಕ್ಟರು ಹೇಳಿದ್ದಕ್ಕಿಂತ ಚೂರು ಹೆಚ್ಚು ನುಂಗಲಿಲ್ಲ, ಚೂರು ಕಡಿಮೆ ಮಾಡಲಿಲ್ಲ. ದಮ್ಮಿನ ವಿಷಯವನ್ನು ಶ್ರೀನಿವಾಸಪುರದವರಿಗೆ ತಾನೇ ಹೇಳಿ ಕಳಿಸಿದಳು. ಉತ್ತರ ಇನ್ನೂ ಬಂದಿರಲಿಲ್ಲ. "ಬಂದ್ರೆ ಬರ್ಲಿ, ಮುಚ್ಚಿಟ್ಟಿದ್ದಕ್ಕೆ ಸಾಕು ಪಟ್ಟ ಪಾಡು" ಎನ್ನುತ್ತಿದ್ದಳು. ಆ ಮಾತು ಕೇಳಿದಾಗೆಲ್ಲ ಶ್ಯಾಮಲಳಿಗೆ ಅಮ್ಮನ ಎದುರು ತಾನು ಬಲು ಚಿಕ್ಕವಳು ಅನ್ನಿಸುತ್ತಿತ್ತು.

ಒಂದು ಸಂಜೆ ಅಂಜಮ್ಮ ಕುಂಟುತ್ತ ಬಂದಳು. "ಅಮ್ಮಣ್ಣಿ, ನಿಮ್ಮಮ್ಮನ ಆ ಹಳೇ ಚೀಟಿ ಐತೇನಮ್ಮಾ? ಮಂಡಿ ನೋವಿಗೂ ಆ ಮಾತ್ರೆ ಒಳ್ಳೇದಂತೆ. ನಾಕು ದಿನ ನುಂಗ್ತೀನಿ."

"ಬೇಡ ಕಣೇ ಅಂಜಮ್ಮ" ಎಂದಳು ಮುನಿಶಾಮಮ್ಮ. "ಆ ಕೋಲಾರದ ಡಾಕ್ಟ್ರು ಇಷ್ಟೇ ದಿನ ಅಂತ ಒಂದು ಮಾತು ಬರೀಬಾರ್ದಿತ್ತಾ? ಓದಿದೋರು, ನಮ್ಮಂಥ ಹಳ್ಳಿಯೋರು ಅಂತ ಉದಾಸೀನ ಮಾಡಿದ್ರು. ಅವರು ಬರೀದೇ ಹೋಗಿದ್ದಕ್ಕೇ ನನಗೆ ಆ ಗತಿ ಬಂದಿದ್ದು."

ಹುಳುಗಳು ಸೊಪ್ಪು ಮೇಯುವ ಸದ್ದು ಮನೆಯನ್ನೆಲ್ಲ ತುಂಬಿತ್ತು. ಶ್ಯಾಮಲ ಕೈಯಲ್ಲಿದ್ದ ತಟ್ಟೆಯನ್ನು ಜೋಪಾನವಾಗಿ ಕೆಳಗಿಟ್ಟಳು. ಡೈರಿಯ ನಡುವಿನಿಂದ ತೇಪೆಯ ಚೀಟಿ ತೆಗೆದು, ಬಂದು ಅಮ್ಮನ ಎದುರಿಗೆ ಕೂತಳು.

"ಅವರು ಬರ್ದಿದ್ರಮ್ಮಾ. ಹತ್ತೇ ದಿನ ಅಂತ ಇಲ್ಲೇ ಬರ್ದಿದ್ರು. ನಾನು ಓದಿದ್ದೆ, ನಿನಗೆ ಹೇಳ್ಲಿಲ್ಲ."