ನಲವತ್ತೊಂದನೇ ಅರ್ಜಿ

ಚನ್ನಗಿರಿ ಬಸ್ ನಿಲ್ದಾಣದ ಎದುರು ರೇವಣ್ಣ ಆನ್‌ಲೈನ್ ಸೆಂಟರ್ ಇಟ್ಟು ಹನ್ನೊಂದು ವರ್ಷವಾಗಿತ್ತು. ಕೆಲಸದ ಅರ್ಜಿಯನ್ನು ಮೊದಲು ಓದುವುದು ಮನುಷ್ಯರಲ್ಲ, ಕಂಪ್ಯೂಟರು ಎಂಬುದು ಅವನು ಕಂಡುಕೊಂಡ ಸತ್ಯ. ಹಾಗಾಗಿ ಅನುಭವದ ಕಾಲಂನಲ್ಲಿ ಒಂದೆರಡು ವರ್ಷ ಸೇರಿಸಿ ತುಂಬುವುದು ಅವನಿಗೆ ರೂಢಿಯಾಗಿಹೋಗಿತ್ತು.

ಧನುಶ್ರೀ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿದವಳು. ಮೊಬೈಲಿನಲ್ಲೇ ನಲವತ್ತು ಕಡೆ ಅರ್ಜಿ ಹಾಕಿ, ಒಂದಕ್ಕೂ ಉತ್ತರ ಬಾರದೆ, ಕೊನೆಗೆ ಅವನಲ್ಲಿಗೆ ಬಂದಳು.

"ಬ್ಯಾಡ ಅಂದ್ರೂ ಪರವಾಗಿಲ್ಲ ಅಣ್ಣ. ಯಾರೂ ಹೂಂ, ಊಹೂಂ ಏನೂ ಅನ್ನಲ್ಲ. ನಾನೇ ಯಾತಕ್ಕೂ ಬಾರದೋಳೇನೋ ಅನ್ಸಾಕೆ ಶುರುವಾಗೈತೆ."

"ಅನುಭವ ಸೊನ್ನೆ ಅಂತ ಹಾಕಿದ್ರೆ ಹಿಂಗೇ ಆಗಾದು ತಂಗಿ," ಎಂದ ರೇವಣ್ಣ, 'ಎರಡು ವರ್ಷ' ಎಂದು ತುಂಬಿ ದಾವಣಗೆರೆಯ ಒಂದು ಲ್ಯಾಬಿಗೆ ಕಳಿಸಿಯೇಬಿಟ್ಟ. ಅವಳು ತುಟಿ ಕಚ್ಚಿಕೊಂಡಳೇ ಹೊರತು ತಡೆಯಲಿಲ್ಲ. ನಾಲ್ಕನೇ ದಿನಕ್ಕೆ ವಿಡಿಯೊ ಸಂದರ್ಶನದ ಕರೆ ಬಂತು.

ಮನೆಯಲ್ಲಿ ನೆಟ್‌ವರ್ಕ್ ಸರಿಯಿರಲಿಲ್ಲ. ಸೆಂಟರಿನಲ್ಲೇ ಕೂತಳು. ರೇವಣ್ಣ ಗಿರಾಕಿಗಳನ್ನು ಹೊರಗೆ ನಿಲ್ಲಿಸಿ, ಸದ್ದು ಮಾಡುವ ಫ್ಯಾನ್ ಆರಿಸಿ ಪಕ್ಕಕ್ಕೆ ನಿಂತ. ಪರದೆಯಲ್ಲಿ ಡಾಕ್ಟರ್ ಮೇಡಂ ಒಬ್ಬರು ಹೆಸರು ಕೇಳಿದರು. ಹೆಸರು ಹೇಳಿದ ಧನುಶ್ರೀ ಅಲ್ಲಿಗೇ ನಿಲ್ಲಿಸಲಿಲ್ಲ.

"ಮೇಡಂ, ಅರ್ಜೀಲಿ ಎರಡು ವರ್ಷ ಅಂತೈತೆ. ಅದು ಸುಳ್ಳು. ನಂಗೆ ಅನುಭವ ಇಲ್ಲ."

ರೇವಣ್ಣ ಪರದೆಗೆ ಕಾಣದಂತೆ ಹಿಂದೆ ಸರಿದ. ಇನ್ನೇನು ತನ್ನ ಹೆಸರೂ ಬರುತ್ತದೆ ಎಂದು ಕಾದ. ಬರಲಿಲ್ಲ.

"ಮತ್ಯಾಕೆ ಹಾಗೆ ಹಾಕಿದ್ರಿ?" ಮೇಡಂ ಕೇಳಿದರು.

"ಒಬ್ರಾದ್ರೂ ಓದ್ಲಿ ಅಂತ. ತಪ್ಪು ನಂದೇ. ಬರದೇ ಇರೋದನ್ನ ಬರ್ತೈತೆ ಅಂದ್ರೆ ರೋಗಿಗೇ ತೊಂದ್ರೆ. ಹೊಸಬರಿಗೆ ಕೆಲಸ ಇದ್ರೆ ಹೇಳ್ರಿ, ಕಲೀತೀನಿ."

ಮೇಡಂ "ಈ ಹುದ್ದೆ ನಿಮಗೆ ಕೊಡೋಕಾಗಲ್ಲ," ಎಂದು ಕರೆ ಮುಗಿಸಿದರು.

"ಕೈಗೆ ಬಂದಿದ್ದನ್ನ ಹಿಂಗೆ ಚೆಲ್ತಾರೇನು? ಹೋಗ್ಲಿ, ನಾನು ತುಂಬಿದ್ದು ಅಂತಾದ್ರೂ ಅನ್ಬೋದಿತ್ತಲ್ಲ!" ರೇವಣ್ಣ ರೇಗಿದ.

"ಬ್ಯಾಡ ಅನ್ನಾಕೆ ನಂಗೆ ಬಾಯಿತ್ತು ಅಣ್ಣ, ನಾನೇ ಅನ್ಲಿಲ್ಲ." ಧನುಶ್ರೀ ಹಗುರಾದವಳಂತೆ ಎದ್ದಳು. "ಕೊನೆಗೂ ಒಬ್ರು ನನ್ನ ಮುಖ ನೋಡಿ ಇಲ್ಲ ಅಂದ್ರಲ್ಲ, ಅಷ್ಟು ಸಾಕು."

ಅವಳು ಹೋದ ಮೇಲೂ ರೇವಣ್ಣನಿಗೆ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ. ಇಪ್ಪತ್ತೆರಡರ ಹುಡುಗಿ, ತನಗೆ ಈ ಜನ್ಮದಲ್ಲಿ ಬಾರದ ಧೈರ್ಯ ಅವಳಿಗೆ ಎಲ್ಲಿಂದ ಬಂತು?

ಮೂರು ವಾರದ ಮೇಲೆ ಅದೇ ಮೇಡಂ ಧನುಶ್ರೀಗೆ ಫೋನ್ ಮಾಡಿದರು. ಹೊನ್ನಾಳಿಯಲ್ಲಿ ರಕ್ತ ಪರೀಕ್ಷೆಯ ಹೊಸ ಕೇಂದ್ರ ತೆರೆಯುತ್ತಿದ್ದೇವೆ, ಮೊದಲ ಆರು ತಿಂಗಳು ತರಬೇತಿ, ಬರುತ್ತೀರಾ ಎಂದರು. ರೇವಣ್ಣನಿಗೂ ಸುದ್ದಿ ತಿಳಿಸಿ, ಮರುದಿನವೇ ಹೋಗಿ ಸೇರಿಕೊಂಡಳು.

ಮುಂದೊಮ್ಮೆ ನ್ಯಾಮತಿಯ ನೆಂಟರ ಮನೆಯಿಂದ ಮರಳುವಾಗ ರೇವಣ್ಣ ಹೊನ್ನಾಳಿಯಲ್ಲಿಳಿದು ಆ ಕೇಂದ್ರಕ್ಕೆ ಹೋದ. ಬಿಳಿ ಕೋಟು ತೊಟ್ಟ ಧನುಶ್ರೀ ರಕ್ತ ತೆಗೆಯಲು ಮುದುಕನೊಬ್ಬನ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಳು.

"ಅಜ್ಜಾ, ನಾನಿನ್ನೂ ಕಲೀತಾ ಇದೀನಿ. ನೋವಾದ್ರೆ ಹೇಳ್ರಿ."

"ಕಲಿಯವ್ವ," ಎಂದ ಅಜ್ಜ, ತೋಳನ್ನು ಇನ್ನಷ್ಟು ಮುಂದೆ ಚಾಚಿ.