ಈರುಳ್ಳಿಯಿಲ್ಲದ ಮೂಲೆ

ಹಸುಗಳೇ ಇಲ್ಲದ ಕೊಟ್ಟಿಗೆಗೆ ವರ್ಲಿನ್ ಓಸ್ಗಾರ್ಡ್ ದಿನಕ್ಕೆರಡು ಬಾರಿ, ಬೆಳಗಿನ ಐದಕ್ಕೊಮ್ಮೆ ಸಂಜೆಯ ಐದಕ್ಕೊಮ್ಮೆ, ಹಾಲು ಕರೆಯುವ ಹೊತ್ತು ತಪ್ಪಿಸದೆ ಹೋಗಿ ಬರುತ್ತಿದ್ದ. ಸೊಂಟದ ಶಸ್ತ್ರಚಿಕಿತ್ಸೆಯ ಬಳಿಕ ಅವನ ನಡಿಗೆಗೆ ಒಂದು ವಿಚಿತ್ರ ಲಯ ಬಂದಿತ್ತು. ಒಂದು ಕಾಲನ್ನು ಊರಿ, ಇನ್ನೊಂದನ್ನು ಎಳೆದು, ಹಿಮದ ಮೇಲೆ ಒಂದು ಚುಕ್ಕೆ ಒಂದು ಗೆರೆ ಬಿಡುತ್ತ ಸಾಗುವ ಆ ನಡಿಗೆಯನ್ನು ರಸ್ತೆಯ ಈಚೆಗಿರುವ ನನ್ನ ಅಡುಗೆಮನೆಯ ಕಿಟಕಿಯಿಂದ ಮೂರು ಚಳಿಗಾಲ ನೋಡಿದ್ದೇನೆ. ಮೈಮೇಲೆ ಅದೇ ಕಂದು ಬಣ್ಣದ ಕೊಟ್ಟಿಗೆಯ ಕೋಟು. ಮೊಣಕೈಯಲ್ಲಿ ಹರಿದು, ಗುಂಡಿ ಬಿದ್ದುಹೋದ ಕಡೆ ಹುಲ್ಲುಹೊರೆಯ ಹುರಿ ಬಿಗಿದಿದ್ದ ಅದನ್ನು ಒಗೆಯಲು ಅವನು ಯಾರಿಗೂ ಕೊಡುತ್ತಿರಲಿಲ್ಲ. ಒಗೆದರೆ ಹಸುಗಳ ವಾಸನೆ ಹೋದೀತೆಂಬುದೇ ಕಾರಣವೆಂದು ಮನೆಯವರೆಲ್ಲ ತಿಳಿದಿದ್ದರು; ಅವನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ನಾನೂ ಅವನೂ ಮಿನಿಸೋಟದ ಈ ಸೋಲೆಮ್ ಎಂಬ ಊರಿನ ಒಂದೇ ಶಾಲೆಯಲ್ಲಿ ಕಲಿತವರು, ಆದ್ದರಿಂದ ಏಕವಚನ. ಅವನ ಶಬ್ದಭಂಡಾರದಲ್ಲಿ ಪ್ರಶಂಸೆಗೆಂದು ಇದ್ದದ್ದು ಒಂದೇ ಪದ: ‘ಪರವಾಗಿಲ್ಲ.’ ಮದುವೆಯ ದಿನ ಬಿಳಿಯುಡುಪಿನ ಆರ್ಡಿಸ್ ಎದುರು ಬಂದು ನಿಂತಾಗ ಈ ಪುಣ್ಯಾತ್ಮ ಅಂದದ್ದು ಅದನ್ನೇ. ಮಗ ಲೋವೆಲ್ ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ ಬಹಳ ಹೊತ್ತು ನೋಡಿ ಅಂದದ್ದೂ ಅದನ್ನೇ. ಭಾನುವಾರದ ಮಧ್ಯಾಹ್ನ ಹೆಂಡತಿ ಮಾಡಿದ ಹಾಟ್‌ಡಿಶ್ಶಿನ ಮೊದಲ ತುತ್ತು ನುಂಗಿ, ಕಣ್ಣೆತ್ತದೆ ‘ಪರವಾಗಿಲ್ಲ’ ಎಂದನೆಂದರೆ, ಭಾನುವಾರಗಳಲ್ಲಿ ಅಲ್ಲೇ ಉಣ್ಣುವ ನಾನೂ ಸೇರಿ, ಮಿಕ್ಕವರು ತಟ್ಟೆಗೆ ಕೈಹಾಕಬಹುದೆಂದು ಅರ್ಥ.

ಆ ಹಾಟ್‌ಡಿಶ್ಶಿನಲ್ಲಿ ಅಂಥ ಗುಟ್ಟೇನಿರಲಿಲ್ಲ. ದನದ ಖೀಮಾವನ್ನು ಈರುಳ್ಳಿಯೊಂದಿಗೆ ಕೆಂಪಗೆ ಹುರಿದು, ಬೀನ್ಸು ಬೆರೆಸಿ, ಡಬ್ಬಿಯ ಅಣಬೆ ಸೂಪು ಸುರಿದು, ಅಗಲವಾದ ಗಾಜಿನ ಪಾತ್ರೆಗೆ ಹರಡಿ, ಮೇಲೆ ಆಲೂಗಡ್ಡೆಯ ಹೆಬ್ಬೆರಳುದ್ದದ ಉರುಳೆಗಳನ್ನು ಸಾಲಾಗಿ ಮಲಗಿಸಿ ಒಂದು ಗಂಟೆ ಓವನ್ನಿನಲ್ಲಿಟ್ಟರೆ ಆಯಿತು. ಆರ್ಡಿಸ್ ಹಾಕುತ್ತಿದ್ದ ಸಾಲುಗಳು ಮಾತ್ರ ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತಷ್ಟು ನೇರ. ಪಾತ್ರೆಯ ತಳದಲ್ಲಿ ಟೇಪು ಅಂಟಿಸಿ ಅವಳು ತನ್ನ ಹೆಸರು ಬರೆದಿದ್ದಳು. ನಮ್ಮ ಕಡೆ ಒಬ್ಬರ ಮನೆಯ ಪಾತ್ರೆ ಇನ್ನೊಬ್ಬರ ಮನೆಗೆ ಹೋದರೆ, ತೊಳೆದು, ನಾವೇ ಹೋಗಿ, ಕೈಗೇ ಮುಟ್ಟಿಸಿ ಬರಬೇಕು. ಬೇರೆಯವರ ಕೈಯಲ್ಲಿ ಕಳಿಸಿದರೆ, ಹೊಸ್ತಿಲ ಮೇಲೆ ಇಟ್ಟು ಹೋದರೆ, ಆ ಮನೆಯ ಸಹವಾಸ ಸಾಕಾಯಿತೆಂದೇ ಲೆಕ್ಕ.

ಆರ್ಡಿಸ್ ಪಾತ್ರೆಯ ಒಂದು ಮೂಲೆಗೆ ಈರುಳ್ಳಿ ಹಾಕುತ್ತಿರಲಿಲ್ಲ. ಹಿಡಿಯಷ್ಟು ಖೀಮಾವನ್ನು ಮೊದಲೇ ತೆಗೆದು ಬೇರೆ ಹುರಿದು, ಆ ಮೂಲೆಗೆ ಒತ್ತಿ, ಗುರುತಿಗೆ ಅಲ್ಲಿನ ಒಂದು ಉರುಳೆಯನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸುತ್ತಿದ್ದಳು. ಅದು ಲೋವೆಲ್‌ನ ಮೂಲೆ. ಚಿಕ್ಕವನಿದ್ದಾಗ ಅವನು ಈರುಳ್ಳಿಯ ಒಂದೊಂದೇ ಚೂರನ್ನು ಹೆಕ್ಕಿ ತಟ್ಟೆಯಂಚಿಗೆ ಸಾಲಿಡುವುದೂ, ‘ಅದನ್ನೂ ತಿಂದು ಏಳು’ ಎಂದು ಅಪ್ಪ ಗದರುವುದೂ, ಊಟದ ಮೇಜು ಕೋರ್ಟುಕಚೇರಿಯಾಗುವುದೂ ನಡೆದೇ ಇತ್ತು. ಅದಕ್ಕೆ ಅವಳು ಕಂಡುಕೊಂಡ ಪರಿಹಾರ ಇದು. ಮಗ ನಲವತ್ತು ದಾಟಿದ ಮೇಲೂ ಪರಿಹಾರ ಬದಲಾಗಲಿಲ್ಲ.

ಮೂರು ವರ್ಷದ ಹಿಂದೆ ವರ್ಲಿನ್ ಸೊಂಟದ ಚಿಕಿತ್ಸೆಗೆಂದು ಆರು ವಾರ ಆಸ್ಪತ್ರೆ ಸೇರಿದ. ನಲವತ್ತೆರಡು ಹಸುಗಳನ್ನು ಲೋವೆಲ್ ಒಬ್ಬನೇ ಕರೆಯಬೇಕಾಯಿತು; ಹಗಲೆಲ್ಲ ಧಾನ್ಯದ ಉಗ್ರಾಣದಲ್ಲಿ ಕೆಲಸ, ಅದರ ಹಿಂದೆ ಮುಂದೆ ಕೊಟ್ಟಿಗೆ. ಒಂದು ಬೆಳಿಗ್ಗೆ ಟ್ರಕ್ ಓಡಿಸುತ್ತಲೇ ನಿದ್ದೆಹೋಗಿ ಕಂದಕಕ್ಕೆ ಇಳಿದ. ಜೀವಕ್ಕೇನೂ ಆಗಲಿಲ್ಲ. ಮರುವಾರವೇ ಅಷ್ಟೂ ಹಸುಗಳನ್ನು ಮಾರಿಬಿಟ್ಟ. ಅಪ್ಪನಿಗೆ ಒಂದು ಮಾತು ಹೇಳಲಿಲ್ಲ, ಹೇಳುವ ಧೈರ್ಯವಾಗಲಿಲ್ಲ. ವರ್ಲಿನ್ ಮನೆಗೆ ಬಂದವನು ಕೋಲೂರಿಕೊಂಡು ನೇರ ಕೊಟ್ಟಿಗೆಗೆ ಹೋಗಿ ಬಾಗಿಲು ತೆರೆದ. ಆ ನಿಶ್ಶಬ್ದದಲ್ಲಿ ಅವನು ಎಷ್ಟು ಹೊತ್ತು ನಿಂತನೋ, ಹೊರಗೆ ಬಂದಾಗ ಮಗನ ಮುಖ ನೋಡದೆ ಹೇಳಿದ್ದು ಎರಡೇ ಮಾತು. “ಒಂದ್ಮಾತು ಕೇಳ್ಬಹುದಿತ್ತು. ಇನ್ನು ಭಾನುವಾರ ನಮ್ಮ ಮೇಜಿಗೆ ಬರೋದು ಬೇಡ.”

ಲೋವೆಲ್ ಬರಲಿಲ್ಲ. ಅವನೂ ಅದೇ ತಂದೆಯ ಮಗನಲ್ಲವೇ!

ಆದರೆ ಮೂಲೆ ಬಂತು. ಪ್ರತಿ ಭಾನುವಾರ, ನೆಟ್ಟಗೆ ನಿಂತ ಉರುಳೆಯ ಸಮೇತ, ವರ್ಲಿನ್‌ನ ಕಣ್ಣೆದುರಿಗೇ. ಆರ್ಡಿಸ್ ಆ ವಿಷಯ ಒಮ್ಮೆಯೂ ಎತ್ತಲಿಲ್ಲ; ಮಿಕ್ಕದ್ದನ್ನೆಲ್ಲ ಬಡಿಸಿ, ಆ ಮೂಲೆಯೊಂದನ್ನು ಹಾಗೇ ಬಿಟ್ಟು, ವಾರವಿಡೀ ಫ್ರಿಜ್ಜಿನಲ್ಲಿಟ್ಟು, ಶನಿವಾರ ಕಾಗೆಗಳಿಗೆ ಎಸೆಯುತ್ತಿದ್ದಳು. ಬ್ರೆಡ್ಡಿನ ಚೂರನ್ನೂ ಚೆಲ್ಲದ ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಜಗಳ ಇರಲಿಲ್ಲ. ವರ್ಲಿನ್ ಆ ಕಡೆ ಕಣ್ಣು ಹಾಯಿಸುತ್ತಲೇ ಇರಲಿಲ್ಲ. ಪಾತ್ರೆ ಮೇಜಿಗೆ ಬಂದೊಡನೆ ಉಪ್ಪಿನ ಡಬ್ಬಿಯನ್ನು ಧ್ಯಾನಿಸತೊಡಗುತ್ತಿದ್ದ. ಒಮ್ಮೆ ಊಟಕ್ಕೆ ಬಂದ ಹೊಸ ಪಾದ್ರಿ ಏನೂ ಅರಿಯದೆ ಆ ಮೂಲೆಗೇ ಚಮಚ ಚಾಚಿದರು. ಆರ್ಡಿಸ್ ಪಾತ್ರೆಯನ್ನೇ ಗರಕ್ಕನೆ ತಿರುಗಿಸಿ, “ಆ ಮೂಲೆ ಬೇಡಿ ಪಾದ್ರಿಗಳೇ, ಅದಿನ್ನೂ ಬೆಂದಿಲ್ಲ,” ಎಂದಳು. ವರ್ಲಿನ್‌ನ ದವಡೆ ನಿಂತೇ ಹೋಯಿತು.

ಪಾತ್ರೆ ಒರೆಸುತ್ತ ಅವಳು ನನಗೊಮ್ಮೆ ಹೇಳಿದ್ದಳು: “ಬರ್ನೀಸ್, ನಮ್ಮಲ್ಲೊಬ್ರು ಮಣ್ಣು ಸೇರೋಕೆ ಮುಂಚೆ ಅಪ್ಪ ಮಗ ಇಬ್ರೂ ಒಂದ್ಸಲ ಒಂದೇ ಪಾತ್ರೆಯಿಂದ ಉಣ್ಣಬೇಕು ಕಣೇ. ನನಗಿನ್ನೇನೂ ಬೇಡ.”

ಈ ಮಾರ್ಚಿನಲ್ಲಿ ಅವಳು ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಭಾನುವಾರದ ಅಡುಗೆಗೆ ಮಗಳು ಮರ್ನಾ ಸೆರಗು ಬಿಗಿದಂತೆ ಏಪ್ರನ್ ಕಟ್ಟಿ ಸಿದ್ಧಳಾದರೆ ವರ್ಲಿನ್ ಅಡ್ಡ ನಿಂತ.

“ಅಪ್ಪ, ನಿಂಗೆ ಒಲೆ ಹಚ್ಚೋಕಾದ್ರೂ ಬರತ್ತಾ?”

“ನನಗೂ ಎರಡು ಕೈಯಿದೆ. ನಡಿ ಆಚೆ.”

ಅಡುಗೆಮನೆಯ ಬಾಗಿಲು ಮುಚ್ಚಿಕೊಂಡ. ಒಳಗೆ ಏನೋ ಬಿದ್ದ ಸದ್ದು, ಏನೋ ಸೀದ ವಾಸನೆ. ನಾವು ಮೂವರೂ ಮೇಜಿನ ಸುತ್ತ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಕುಳಿತೆವು. ನಡುಹಗಲಿಗೆ ಸರಿಯಾಗಿ ಅವನು ಪಾತ್ರೆ ತಂದಿಟ್ಟ. ಉರುಳೆಗಳ ಸಾಲು ಅಡ್ಡಾದಿಡ್ಡಿ. ಆರ್ಡಿಸ್‌ಳ ಕಣ್ಣು ನಾಲ್ಕೂ ಮೂಲೆಗಳನ್ನು ಸುತ್ತಿ ಬಂತು, ಮತ್ತೆ ಸುತ್ತಿತು. ಎಲ್ಲಿಯೂ ಒಂದೂ ಉರುಳೆ ನಿಂತಿರಲಿಲ್ಲ.

ಅವಳ ಮುಖದ ರಕ್ತ ಇಂಗಿತು. ಮೂರು ವರ್ಷ ಮಾತಿಲ್ಲದೆ ಕಾಪಾಡಿಕೊಂಡು ಬಂದ ಮೂಲೆಯನ್ನು, ತನ್ನ ಕೈ ಮುರಿದದ್ದೇ ತಡ, ಈ ಮನುಷ್ಯ ಅಳಿಸಿಬಿಟ್ಟ! ನನಗೂ ಹಾಗೇ ಅನಿಸಿತು, ಅವನನ್ನು ಹಿಡಿದು ಅಲುಗಿಸಬೇಕೆನಿಸಿತು. ಮರ್ನಾ ಮೇಜಿನಡಿ ನನ್ನ ಕಾಲನ್ನು ಒತ್ತಿದಳು. ಆರ್ಡಿಸ್ ಎಡಗೈಯಲ್ಲಿ ಫೋರ್ಕ್ ಹಿಡಿದು, ಮರ್ಯಾದೆಗೆಂಬಂತೆ ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದು ನಿಧಾನವಾಯಿತು. ಪಾತ್ರೆಯ ನಡುವಿನಿಂದ ಇನ್ನೊಂದು ತುತ್ತು ತೆಗೆದಳು. ಆಚೆ ಅಂಚಿನಿಂದ ಮತ್ತೊಂದು.

“ವರ್ಲಿನ್, ಈರುಳ್ಳಿ ಹಾಕೋದು ಮರೆತ್ಯಾ?”

“ಮರೆತಿಲ್ಲ.”

ಅವನು ಉಪ್ಪಿನ ಡಬ್ಬಿಯನ್ನೇ ನೋಡುತ್ತಿದ್ದ.

“ಯಾವ ಮೂಲೆ ಅಂತ ಗೊತ್ತಾಗ್ಲಿಲ್ಲ,” ಎಂದ.

ಮೂರು ವರ್ಷ ಹಟಹಿಡಿದು ಆ ಕಡೆ ನೋಡದೇ ಇದ್ದವನಿಗೆ ಗೊತ್ತಾಗುವುದಾದರೂ ಹೇಗೆ? ಆರ್ಡಿಸ್ ಉತ್ತರ ಕೊಡುವ ಮೊದಲೇ ಅವನು ಎದ್ದ. ಕೊಟ್ಟಿಗೆಯ ಕೋಟು ತೊಟ್ಟು, ಇನ್ನೂ ಬಿಸಿಯಿದ್ದ ಪಾತ್ರೆಗೆ ಟವೆಲು ಸುತ್ತಿ, ಚುಕ್ಕೆ ಗೆರೆ ಬಿಡುತ್ತ ಟ್ರಕ್ಕಿಗೆ ಹೋದ. ಪಾತ್ರೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಕೂಸಿಗೆ ಕಟ್ಟಿದಂತೆ ಬೆಲ್ಟು ಕಟ್ಟಿದ್ದನ್ನು ನಾವು ಕಿಟಕಿಯಿಂದ ಕಂಡೆವು. ನಗು ಬರಬೇಕಿತ್ತು, ಬರಲಿಲ್ಲ. ಲೋವೆಲ್‌ನ ಮನೆ ಮೂವತ್ತು ಮೈಲಿ.

ಮರಳಿ ಬಂದಾಗ ಅವನ ಕೈ ಖಾಲಿಯಿತ್ತು.

“ಪಾತ್ರೆ?” ಆರ್ಡಿಸ್ ಕೇಳಿದಳು.

“ಅವನ ಹತ್ರ.”

“ಏನ್ ಹೇಳ್ದೆ?”

“ಪಾತ್ರೆ ನಿಮ್ಮಮ್ಮಂದು ಅಂದೆ.”

“ಅಷ್ಟೇನಾ? ಅವನೇನಂದ?”

“ಇಸ್ಕೊಂಡ. ಬಾಗಿಲು ಹಾಕ್ಕೊಂಡ.”

ಆ ವಾರ ನನ್ನ ಕಿಟಕಿಯಿಂದ ನಾನೂ ಅವರ ಹೊಸ್ತಿಲನ್ನು ಕಾದೆ. ಮಂಗಳವಾರ ಮರ್ನಾ ಬಂದಾಗ ಅವಳ ಕೈ ನೋಡಿದೆ, ಪಾತ್ರೆಯಿರಲಿಲ್ಲ. ಪ್ರತಿ ಬೆಳಿಗ್ಗೆ ಆರ್ಡಿಸ್ ಬಾಗಿಲು ತೆರೆದು ಮೊದಲು ನೆಲ ನೋಡುತ್ತಿದ್ದಳು. ಅಲ್ಲಿ ತೊಳೆದಿಟ್ಟ ಪಾತ್ರೆಯೇನಾದರೂ ಕಂಡರೆ ಕಥೆ ಮುಗಿಯಿತು. ಶುಕ್ರವಾರವೂ ಕಾಣಲಿಲ್ಲ, ಶನಿವಾರವೂ ಇಲ್ಲ. ಭಾನುವಾರ ಓವನ್ನು ತಣ್ಣಗಿತ್ತು. ಬೇರೆ ಪಾತ್ರೆಯಲ್ಲಿ ಮಾಡೋಣವೆಂದ ಮರ್ನಾಳಿಗೆ ಅವಳು, “ಸುಮ್ನೆ ಕೂತ್ಕೋ,” ಎಂದಳು. ಬರೀ ತಟ್ಟೆಗಳ ಮುಂದೆ ನಾವು ನಾಲ್ವರು. ಹನ್ನೆರಡು ಹೊಡೆಯಿತು. ಹನ್ನೆರಡೂ ಹತ್ತು. ವರ್ಲಿನ್ ಕೋಟಿನ ಹುರಿಯನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದ. ಹನ್ನೆರಡೂಕಾಲಿಗೆ ಅಂಗಳದಲ್ಲಿ ಟ್ರಕ್ಕಿನ ಸದ್ದಾಯಿತು.

ಲೋವೆಲ್ ಅಡುಗೆಮನೆಯ ಬಾಗಿಲಿನಿಂದ ಬಂದ. ಪಾತ್ರೆಯನ್ನು ಅಮ್ಮನ ಎದುರಿಗಿಟ್ಟ. ಅದು ಖಾಲಿ ಇರಲಿಲ್ಲ. ಉರುಳೆಗಳ ತುದಿ ಕರಕಲಾಗಿ ಹೋಗಿತ್ತು, ಮನೆಯೆಲ್ಲ ಹುರಿದ ಈರುಳ್ಳಿಯ ಘಮ; ಅಪ್ಪನಿಗೆ ಇಷ್ಟವೆಂದು, ಜನ್ಮದಲ್ಲಿ ಈರುಳ್ಳಿ ಮುಟ್ಟದವನು ಅಷ್ಟನ್ನು ಹೆಚ್ಚಿ ಸುರಿದಿದ್ದ. ಒಂದು ಮೂಲೆಯಲ್ಲಿ ಮಾತ್ರ ಒಂದು ಉರುಳೆ ನೆಟ್ಟಗೆ ನಿಂತಿತ್ತು.

ವರ್ಲಿನ್ ಈ ಸಲ ಉಪ್ಪಿನ ಡಬ್ಬಿಯ ಕಡೆ ತಿರುಗಲಿಲ್ಲ. ಆ ಮೂಲೆಯನ್ನೇ ನೋಡಿದ, ಕಣ್ತುಂಬ ನೋಡಿದ. ಚಮಚ ತೆಗೆದುಕೊಂಡು ಅದನ್ನು ಅಂಚೂ ಮುರಿಯದಂತೆ ಎತ್ತಿ ಮಗನ ತಟ್ಟೆಗೆ ಬಡಿಸಿದ. ಆಮೇಲೆ ತಾನೊಂದು ತುತ್ತು ತಿಂದ. ನಾವು ಕಾದೆವು.

“ಸ್ವಲ್ಪ ಸೀದಿದೆ,” ಎಂದ. “ಪರವಾಗಿಲ್ಲ.”

ಆರ್ಡಿಸ್ ಎದ್ದು ಹೋಗಿ, ನಮಗೆ ಬೆನ್ನು ಮಾಡಿ, ನಲ್ಲಿ ತಿರುಗಿಸಿ, ಒಂದೇ ಒಂದು ಲೋಟವನ್ನು ಬಹಳ ಹೊತ್ತು ತೊಳೆದಳು.

ಹಸುಗಳ ಮಾತನ್ನು ಅಂದು ಯಾರೂ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ. ಮರುದಿನ ಬೆಳಿಗ್ಗೆ ಐದಕ್ಕೆ ವರ್ಲಿನ್ ಖಾಲಿ ಕೊಟ್ಟಿಗೆಗೆ ಹೋದದ್ದನ್ನು ನಾನು ಕಂಡಿದ್ದೇನೆ; ಆ ನೋವು ಅವನೊಂದಿಗೇ ಹೋಗುವಂಥದ್ದು. ಈ ಬಗೆಯ ಮನುಷ್ಯರು ನಮ್ಮಲ್ಲಿ ಮನೆಗೊಬ್ಬರಾದರೂ ಇದ್ದಾರೆ. ಕ್ಷಮಿಸಿದೆನೆಂದು ಹೇಳಲು ಅವರಿಗೆ ಬರುವುದಿಲ್ಲ, ಕ್ಷಮಿಸು ಎನ್ನಲಂತೂ ಮೊದಲೇ ಬರುವುದಿಲ್ಲ. ಕಲ್ಲುಹೃದಯದವರೆಂದು ಬೈದುಕೊಂಡು ನಾವು ಅವರ ಪಕ್ಕದಲ್ಲಿ ವರ್ಷಗಟ್ಟಲೆ ಉಣ್ಣುತ್ತೇವೆ. ಕಡೆಗೊಂದು ದಿನ ಅವರು, ತಾವು ನೋಡಿಯೇ ಇಲ್ಲವೆಂದು ನಾವು ತಿಳಿದಿದ್ದ ಒಂದು ಸಣ್ಣ ಮೂಲೆಗಾಗಿ, ಇಡೀ ಪಾತ್ರೆಯ ರುಚಿಯನ್ನೇ ಬಿಟ್ಟುಕೊಡುತ್ತಾರೆ.