ಸೀಮೆಸುಣ್ಣ ಹಚ್ಚದ ಬಿರುಕು

ಒಡೆದ ತಾಳ ಹಿಡಿದು ಬಂದವರಿಗೆ ನಾನು ಮುಖದ ಮೇಲೆ ಹೇಳಿಬಿಡುತ್ತೇನೆ: ಇದು ಸತ್ತಿದೆ, ಹೊಸದು ಕೊಳ್ಳಿ. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಮೂವತ್ತು ವರ್ಷದಿಂದ ಡ್ರಮ್ಮು, ತಾಳ ರಿಪೇರಿ ಮಾಡುತ್ತಿದ್ದೇನೆ. ಬೀದರ್ ಕಡೆಯ ಈ ಮಾಣಿಕಪ್ಪನ ಬಾಯಿ ಖಾರ ಎಂದು ಗಲ್ಲಿಗೆಲ್ಲ ಗೊತ್ತು. ಇರಲಿ ಬಿಡಿ, ಸುಳ್ಳು ಹೇಳಿ ಗಿರಾಕಿ ಹಿಡಿಯುವ ಜಾಯಮಾನ ನನ್ನದಲ್ಲ.

ಪಾರ್ವತೆಮ್ಮ ಬಂದಾಗಲೂ ಹಾಗೇ ಹೇಳಿದೆ. ಯಾದಗಿರಿ ಕಡೆಯವಳು, ಗಚ್ಚಿಬೌಲಿಯಲ್ಲಿ ಕಟ್ಟಡದ ಕೂಲಿ. ಗಂಡನ ಹಳೇ ರುಮಾಲಿನಲ್ಲಿ ಒಂದು ಜೊತೆ ಝಾಂಜು ಸುತ್ತಿಕೊಂಡು ಬಂದಿದ್ದಳು. ಭಜನೆಯಲ್ಲಿ ಬಾರಿಸುವ, ರೊಟ್ಟಿಯಗಲದ ಕಂಚಿನ ತಾಳ. ಒಂದರ ಅಂಚಿನಿಂದ ಎರಡು ಬೆರಳಷ್ಟು ಬಿರುಕು ಬಿಟ್ಟಿತ್ತು.

"ಹೊಸಾದು ತಗೋ ತಂಗಿ. ಇದರ ಕಥಿ ಮುಗೀತು."

"ಹೊಸಾದು ತಂದು ಬಾರಿಸಿ ನೋಡೀವ್ರಿ ಅಣ್ಣಾರ. ನಮ್ಮನಿಯವ್ರ ಕಿವಿ ಒಪ್ಪವಲ್ದು."

ಅವಳ ಗಂಡ ತಾಯಪ್ಪ ಎಂಟು ತಿಂಗಳ ಹಿಂದೆ ಕಟ್ಟಡದಿಂದ ಬಿದ್ದು ಹಾಸಿಗೆ ಹಿಡಿದಿದ್ದ. ಮಾತಿಲ್ಲ, ಯಾರ ಗುರುತೂ ಇಲ್ಲ. ಆದರೆ ಸೋಮವಾರ ಕೂಲಿಕಾರರ ಶೆಡ್ಡಿನಲ್ಲಿ ಜೊತೆಯವರು ಭಜನೆಗೆ ಕೂತು ಈ ಝಾಂಜನ್ನು ಬಾರಿಸಿದರೆ ಅವನ ಬಲಗೈ ಬೆರಳು ತಾಳ ಹಾಕುತ್ತಿದ್ದವಂತೆ. ಹೋದ ಸೋಮವಾರ ಕಂಚು ಬಿರಿದು ದನಿ ಬೊರ್ರೆಂದಿತು. ಬೆರಳು ನಿಂತುಹೋದವು.

"ಆ ಬೆರಳು ಆಡಿದ್ರ ನಮ್ಮನಿಯವ್ರು ಇನ್ನಾ ಅದಾರ ಅನಸ್ತೈತ್ರಿ," ಎಂದಳು. ನಾನು ಝಾಂಜನ್ನು ಕೈಗೆ ತೆಗೆದುಕೊಂಡೆ.

ಒಡೆದ ಕಂಚನ್ನು ಬೆಸೆಯಲು ಬರುವುದಿಲ್ಲ, ಬೆಂಕಿ ತಾಗಿದರೆ ದನಿ ಸಾಯುತ್ತದೆ. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದರೆ ಅದು ಮುಂದಕ್ಕೆ ಓಡುವುದಿಲ್ಲ. ಆದರೆ ಆ ತುದಿ ಕಣ್ಣಿಗೆ ಕಂಡಲ್ಲೇ ಇರುತ್ತದೆ ಎನ್ನಲಾಗದು. ಎಣ್ಣೆ ಸವರಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ ಕಾಯಬೇಕು. ಒಳಗೆ ಇಳಿದ ಎಣ್ಣೆ ಸುಣ್ಣವನ್ನು ಒದ್ದೆ ಮಾಡಿ ಕಾಣದ ಗೆರೆಯನ್ನೂ ತೋರಿಸುತ್ತದೆ. ಇದು ನನ್ನ ಅಪ್ಪ ಕಲಿಸಿದ ಮೊದಲ ಪಾಠ.

ಅಷ್ಟರಲ್ಲಿ ದೀಪಕ ಬಂದ. ಯಾವುದೋ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವನು. ತನ್ನ ಒಡೆದ ತಾಳಕ್ಕೆ ವೆಲ್ಡಿಂಗ್ ಮಾಡಿಕೊಡಿ ಎಂದು ಹಟ ಹಿಡಿದ.

"ಆಗಂಗಿಲ್ಲ."

"ಯಾಕ ಆಗಂಗಿಲ್ರಿ? ನಾ ವಿಡಿಯೋ ನೋಡೀನಿ. ನಿಮಗ ಬರಂಗಿಲ್ಲ ಅನ್ರಿ."

ನನಗೇ ಬರುವುದಿಲ್ಲವಂತೆ! ಮೈಯೆಲ್ಲ ಉರಿದುಹೋಯಿತು. "ವಿಡಿಯೋದಾಂವನ ಕಡೇನ ಹೋಗಲೇ!" ಎಂದು ಕೂಗುತ್ತಲೇ ಡ್ರಿಲ್ ಎತ್ತಿಕೊಂಡೆ. ನನ್ನ ಕಸುಬು ಅವನಿಗೆ ತೋರಿಸುವ ಜಿದ್ದಿನಲ್ಲಿ, ಸುಣ್ಣ ಹಚ್ಚದೆ, ಬರಿಗಣ್ಣಿಗೆ ಕಂಡಲ್ಲೇ ಪಾರ್ವತೆಮ್ಮನ ಝಾಂಜನ್ನು ಕೊರೆದುಬಿಟ್ಟೆ. ತಟ್ಟಿದರೆ ಖಣ್ ಎಂದಿತು. ದೀಪಕ ತನ್ನ ತಾಳ ಎತ್ತಿಕೊಂಡು ಹೊರಟ. ಪಾರ್ವತೆಮ್ಮ ಕೈ ಮುಗಿದು, ಸೋಮವಾರ ಭಜನೆಗೆ ಬರಲೇಬೇಕು ಎಂದಳು.

ಹೋದೆ. ಹೊಗಳಿಸಿಕೊಳ್ಳುವ ಆಸೆಯೂ ಇತ್ತು, ಯಾಕೆ ಮುಚ್ಚಿಡಲಿ?

ಸಂಜೆ ಹುಲಗೇಶನೆಂಬ ಮೇಸ್ತ್ರಿ ಝಾಂಜು ಹಿಡಿದ. ಮೊದಲ ಭಜನೆ ಪದಕ್ಕೇ, ಮೂಲೆಯಲ್ಲಿ ಮಲಗಿದ್ದ ತಾಯಪ್ಪನ ತೋರುಬೆರಳು ಎದ್ದಿತು. ಎರಡನೆಯದಕ್ಕೆ ಉಳಿದವೂ ಎದ್ದವು. ಪಾರ್ವತೆಮ್ಮ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಅದನ್ನು ನೋಡಿ ಎಲ್ಲರಿಗೂ ಹುರುಪು ಬಂತು, ಪದ ಏರಿತು, ಹುಲಗೇಶ ಜೋರಾಗಿ ಬಾರಿಸಿದ.

ಟಕ್ ಎಂದಿತು. ವೀಳ್ಯದೆಲೆಯಷ್ಟು ಚೂರು ಕಿತ್ತುಬಂದು ನೆಲಕ್ಕೆ ಬಿತ್ತು. ಬಿರುಕು ನನ್ನ ತೂತಿನ ಆಚೆಗೂ ಇತ್ತು. ತಾಯಪ್ಪನ ಬೆರಳು ಕೌದಿಯ ಮೇಲೆ ಹಾಗೇ ಒರಗಿದವು.

ಕೋಪದಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರೆ. ನಾನು ಕೊಯ್ದದ್ದು ಬೇರೆಯವರ ಮೂಗು. ತಪ್ಪು ನನ್ನದು, ಇನ್ನು ಇದು ಆಗುವುದಿಲ್ಲ ಎಂದು ಹೇಳಲು ಎದ್ದು ನಿಂತೆ. ಅಷ್ಟರಲ್ಲಿ ಪಾರ್ವತೆಮ್ಮ ಚೂರು ಆರಿಸಿ, ಎಲ್ಲವನ್ನೂ ರುಮಾಲಿನಲ್ಲಿ ಕಟ್ಟಿ ನನ್ನ ಕೈಗಿಟ್ಟಳು.

"ಮತ್ತ ಮಾಡಿ ಕೊಡ್ತೀರಿಲ್ರಿ ಅಣ್ಣಾರ?"

"ಕೊಡ್ತೀನವ್ವಾ," ಎಂದೆ.

ಆ ಗಂಟು ಒಂದು ತಿಂಗಳಿಂದ ನನ್ನ ಅಂಗಡಿಯ ಗೂಡಿನಲ್ಲಿದೆ. ಬಿಚ್ಚಿ ನೋಡಲೂ ಧೈರ್ಯವಿಲ್ಲ. ಮೊನ್ನೆ ಅಬಿಡ್ಸ್‌ನಲ್ಲಿ ಬಸ್ಸಿಳಿದು, ಬಿಸಿಲಲ್ಲಿ ನಡೆದು ಮತ್ತೆ ಬಂದಳು.

"ಆಗಾಕತ್ತೈತೇನ್ರಿ?"

"ಆಗಾಕತ್ತೈತಿ."

"ಸಾವಕಾಶ ಮಾಡ್ರಿ," ಎಂದಳು. "ನೀವು ತಯಾರ್ ಮಾಡೂತನಕ ಬೆರಳು ಬಿಗೀಬಾರ್ದಂತ, ದಿನಾ ಎರಡು ಹೊತ್ತು ಎಣ್ಣಿ ಹಚ್ಚಿ ತಿಕ್ಕಾಕತ್ತೀನ್ರಿ."